ಎಡಗೈ ಹೆಬ್ಬೆರಳಿನ ಬಿಲ್ಲೆ

ಹೊಳೆಗೆ ಬೇಲಿ ಹಾಕಿದ ತೊಂಬತ್ತೊಂದನೇ ವರ್ಷ, ಹದಿನಾಲ್ಕನೇ ತಿಂಗಳು, ಇಪ್ಪತ್ತಾರನೇ ದಿನ.

ಬೇಲಿಗಿಂತ ಮೊದಲು ಹೊಳೆಯ ನೀರು ಕುಡಿದವರಿಗೆ,

ನಾನು ಹುಲಿಗೆವ್ವ. ನಾಲ್ಕನೇ ಇಯತ್ತೆಯವರೆಗೆ ಓದಿದವಳು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಹದಿನಾಲ್ಕನೇ ತಿಂಗಳು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ನಮ್ಮಲ್ಲಿ ತಿಂಗಳೆಂದರೆ ಇಪ್ಪತ್ತಾರು ದಿನ, ಒಂದು ಬಿಲ್ಲೆಯ ಆಯಸ್ಸು. ಚಂದ್ರನನ್ನು ನೋಡಿ ದಿನ ಎಣಿಸುವವರು ಈಗ ಯಾರೂ ಇಲ್ಲ.

ಬಿಲ್ಲೆಯನ್ನು ನುಂಗುಮಣ್ಣಿನಿಂದ ಮಾಡುತ್ತೇವೆ. ಎರೆಮಣ್ಣಿಗೆ ಸಾಬೂನಿನಂಥ ಒಂದು ಉಪ್ಪು ಕಲಸಿ ನಾದಿದರೆ ಅದರ ಗುಣವೇ ಬದಲಾಗುತ್ತದೆ. ಆಮೇಲೆ ಅದು ನೀರನ್ನು ಬಿಟ್ಟು, ನೀರಿನಲ್ಲಿರುವ ಎಣ್ಣೆ, ಬಣ್ಣ, ಬೆಳೆಗೆ ಹೊಡೆದ ಔಷಧಿ ಇವನ್ನು ಹಿಡಿದುಕೊಳ್ಳುತ್ತದೆ. ಇವೆಲ್ಲ ನೀವು ಹೊಳೆಗೆ ಬಿಟ್ಟವೇ, ಬೈಯಲು ಬರೆಯುತ್ತಿಲ್ಲ. ಸುಣ್ಣ ಬೆರೆಸಿ, ಅಂಗೈಯಗಲ ತಟ್ಟಿ, ಒಣಗಿಸಿದ ಬಿಲ್ಲೆ ಪ್ರತಿ ಮನೆಯ ಕೊಡದಲ್ಲೂ ಇರುತ್ತದೆ. ಇಪ್ಪತ್ತಾರು ದಿನಕ್ಕೆ ಅದರ ಹೊಟ್ಟೆ ತುಂಬುತ್ತದೆ. ತುಂಬಿದ ಮೇಲೆ ನುಂಗಿದ್ದನ್ನು ನೀರಿಗೇ ಕಕ್ಕುತ್ತದೆ. ಅದಕ್ಕೇ ಹಳೆಯದನ್ನು ಭಟ್ಟಿಯಲ್ಲಿ ಸುಟ್ಟು, ಹೊಸದು ಹಂಚಬೇಕು. ತಟ್ಟುವವರು ನಾವು ಹನ್ನೊಂದು ಹೆಂಗಸರು. ತಟ್ಟಿದವಳು ನಡುವೆ ತನ್ನ ಬಲಗೈ ಹೆಬ್ಬೆರಳು ಒತ್ತುವುದು ಪದ್ಧತಿ.

ಹೋದ ಸಲ ಹಂಚಿದ ಮರುದಿನವೇ ನನ್ನ ಅಕ್ಕ ಹಂಪಮ್ಮನ ಕೂಸು ನೀರಿಗೆ ಮುಖ ತಿರುಗಿಸಿತು. ಕೊಡ ಮೂಸಿದೆ. ಎಣ್ಣೆಯ ಕಮಟು. ಬಿಲ್ಲೆ ತೆಗೆದು ಉಗುರಿನಿಂದ ಕೆರೆದೆ. ಹೊಸ ಮಣ್ಣು ಸಿಪ್ಪೆಯಂತೆ ಎದ್ದಿತು. ಒಳಗೆ ನನ್ನದೇ ಎಡಗೈ ಹೆಬ್ಬೆರಳು, ಕುಡುಗೋಲಿನ ಗಾಯದ ಅಡ್ಡಗೆರೆಯ ಸಮೇತ. ನಾನು ಎಡಗೈ ಒತ್ತಿದ್ದು ಒಂದೇ ತಿಂಗಳು, ಬಲಗೈಯಲ್ಲಿ ಸುಣ್ಣದ ಬೊಬ್ಬೆ ಎದ್ದಾಗ. ಅದಾಗಿ ಎಂಟು ತಿಂಗಳು. ಸಿಪ್ಪೆಯ ಮೇಲಿದ್ದ ಹೆಬ್ಬೆರಳು ಮಾತ್ರ ಗಂಡಸಿನಷ್ಟು ಅಗಲ.

ಭಟ್ಟಿ ನೋಡಿಕೊಳ್ಳುವವನು ಶರಭಯ್ಯ; ಹಳೆಯದನ್ನು ಸುಡುವುದೂ ಹೊಸದನ್ನು ಹಂಚುವುದೂ ಅವನ ಕೈಯಲ್ಲೇ. ಗಂಡಸರೆದುರು ನನಗೆ ಬಾಯಿ ಬರುವುದಿಲ್ಲ. ಸುಮ್ಮನೆ ಬಿಲ್ಲೆಯನ್ನು ಅವನ ಮುಂದಿಟ್ಟೆ.

"ಏನಬೇ ಹುಲಿಗೆವ್ವ, ಮಣ್ಣಿನ ಮ್ಯಾಲೂ ಅನುಮಾನ ಏನು? ನಾಳೆ ಹೊಳಿನ್ನ ಜರಡಿ ಹಿಡೀತಿ!" ಎಂದು ನಕ್ಕ. ನಗುತ್ತಲೇ ಬಿಲ್ಲೆಯನ್ನು ಬಗಲಿಗೆ ಸೇರಿಸಿಕೊಂಡು ಒಳಗೆ ಹೋದ. ಬರುವಾಗ ಭಟ್ಟಿಯ ಬಾಯಿ ನೋಡಿದೆ. ಅದರಲ್ಲಿ ಗುಬ್ಬಿ ಗೂಡು ಕಟ್ಟಿತ್ತು.

ಅಕ್ಕನಿಗೆ ಎಲ್ಲ ಹೇಳಿದೆ, ನಾವು ಒಣಹಾಕುವ ಚಾಪೆಯ ಮೇಲಿಂದಲೇ ತಂದ ಹೊಸ ಬಿಲ್ಲೆ ಕೊಟ್ಟೆ. ಅವಳು ಮುಟ್ಟಲಿಲ್ಲ. "ಆ ಮಣ್ಣಾಗೂ ನಿನ್ನ ಬೆರಳ ಐತಿ, ಈ ಮಣ್ಣಾಗೂ ನಿನ್ನ ಬೆರಳ ಐತಿ. ಯಾವ ಬೆರಳ ನಂಬಲಿ?" ಎಂದಳು. ಈಗ ಕೂಸಿಗೆ ನೆರೆಮನೆಯ ನೀರು ತರುತ್ತಾಳೆ. ನೆರೆಮನೆಯ ಬಿಲ್ಲೆ ಯಾವ ತಿಂಗಳದ್ದೋ!

ಅದಕ್ಕೇ ಈ ಸಲ ನಾವು ತಟ್ಟುವವರು ಮಾತಾಡಿಕೊಂಡು ಹೆಬ್ಬೆರಳಿನ ಬದಲು ಕಿರುಬೆರಳು ಒತ್ತಿದ್ದೇವೆ. ನಾಳೆ ಹಂಚುವ ದಿನ. ಹೆಬ್ಬೆರಳು ಕಂಡ ಬಿಲ್ಲೆಯನ್ನೆಲ್ಲ ನಾನು ಸಾಲಿನಲ್ಲಿ ನಿಂತವರೆದುರು ಮುರಿದು ತೋರಿಸಬೇಕು. ಅಕ್ಕನೂ ಅಲ್ಲಿರುತ್ತಾಳೆ.

ನಿಮ್ಮಲ್ಲಿ ಒಂದು ಬೇಡಿಕೆ. ಈ ಮಣ್ಣು ಮಾಡುವ ವಿದ್ಯೆ ನಿಮ್ಮಿಂದಲೇ ಬಂದದ್ದು. ಅದನ್ನು ಬರೆದಿಡುವಾಗ, ತುಂಬಿದ ಮಣ್ಣನ್ನು ಯಾರೆದುರು ಸುಡಬೇಕು ಎನ್ನುವುದನ್ನೂ ಬರೆದಿಡಿ.

ಹನ್ನೊಂದು ಜನರಲ್ಲಿ ಒಬ್ಬಳು ಕಿರುಬೆರಳಿನ ಗುಟ್ಟನ್ನು ಶರಭಯ್ಯನಿಗೆ ಹೇಳಿರಬಹುದು. ಹಾಗಾಗಿ, ಅವನೂ ಕಿರುಬೆರಳು ಒತ್ತಿದರೆ ನನ್ನವಾದರೂ ಬೇರೆ ಕಾಣಲಿ ಎಂದು, ನನ್ನ ಬಿಲ್ಲೆಗಳಿಗೆ ನಾನು ಉಂಗುರಬೆರಳು ಒತ್ತಿದ್ದೇನೆ. ಇದನ್ನು ಅಕ್ಕನಿಗೂ ಹೇಳಿಲ್ಲ. ನಿಮಗೆ ಮಾತ್ರ ಹೇಳಿದ್ದೇನೆ. ನೀವು ಹೋಗಿ ಅವನ ಕಿವಿಯಲ್ಲಿ ಊದಲಾರಿರಿ.