ಒತ್ತಾಗಿ ನೆಟ್ಟ ಗಡ್ಡೆಗಳು

ಫೆಬ್ರುವರಿ ನಲವತ್ತು, ದೀರ್ಘ ಬಿಸಿಲಿನ ನೂರ ಎಂಟನೆಯ ವರ್ಷ
ಶಹಾಬಾದಿನ ಹಳೆಯ ಕಲ್ಲುಗಣಿಯ ತಳದಿಂದ

ಹಿಂದಿನವರೇ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ನಿಮ್ಮ ಮಾತು ನಮಗೆ ಅದಕ್ಕಿಂತ ವಿಚಿತ್ರವಾಗಿ ಕೇಳಿಸುತ್ತದೆ. ನೀವು ಬಿಟ್ಟುಹೋದ ಒಂದು ವಿಡಿಯೊದಲ್ಲಿ ಹೆಂಗಸೊಬ್ಬಳು ‘ಹಾಯ್ ಫ್ರೆಂಡ್ಸ್’ ಎಂದು ಶುರುಮಾಡಿ, ನೀವು ಅಮೆಜಾನ್ ಲಿಲ್ಲಿ ಎನ್ನುತ್ತಿದ್ದ ಗಡ್ಡೆಗಿಡದ ಬಿಳಿ ಹೂವನ್ನು ಬಹಳ ಹೊತ್ತು ಮುದ್ದಿಸುತ್ತಾಳೆ. ನೆರಳಲ್ಲಿಡಿ, ಬುಡದಲ್ಲಿ ನೀರು ನಿಲ್ಲದಿರಲಿ, ಪ್ರೀತಿ ಕೊಡಿ ಎನ್ನುತ್ತಾಳೆ. ಅಷ್ಟೆ. ಪ್ರೀತಿ ಎಂಬುದು ನಿಮ್ಮ ಕಾಲದ ಒಂದು ಗೊಬ್ಬರವಿರಬೇಕೆಂದು ನಮ್ಮವರು ಬಹುಕಾಲ ನಂಬಿದ್ದರು.

ನೀವು ಕಡಿದು ಮುಗಿಸಿದ ನೆರಳು ಇಲ್ಲಿ ಪುಕ್ಕಟೆ ಸಿಗುವುದಿಲ್ಲ. ಗಣಿಯ ಗೋಡೆಯಲ್ಲಿ ಕೊರೆದ ಗೂಡುಗಳಲ್ಲಿ ಒಬ್ಬೊಬ್ಬರೇ ಇರುತ್ತೇವೆ. ಒತ್ತಾಗಿ ಬದುಕಿ ರೋಗ ಹತ್ತಿ ಸತ್ತವರ ಸಂತಾನ ನಾವು. ಎರಡು ಜೀವ ಮೈ ತಾಗಿಸಿ ಇರಬಾರದೆಂಬುದು ಕಟ್ಟಳೆ. ಅದಕ್ಕೆ ‘ಬಿಡಿ’ ಎನ್ನುತ್ತೇವೆ. ಗಡ್ಡೆಗೂ ಅದೇ ಕಟ್ಟಳೆ: ಮರಿ ಕಂಡ ಕೂಡಲೇ ತಾಯಿಯಿಂದ ಕಿತ್ತು ಬೇರೆ ಕುಂಡಕ್ಕೆ ಹಾಕುತ್ತೇವೆ. ತಳದ ತಂಪಿನಲ್ಲಿರುವವರು ತಮಗೆ ಒಪ್ಪಿಸಿದ ಗಿಡದಲ್ಲಿ ಹೂ ತೋರಿಸಬೇಕು. ಇಲ್ಲವಾದರೆ ಮೇಲೆ, ಬಿಸಿಲಂಚಿಗೆ. ಅಲ್ಲಿಗೆ ಹೋದವರ ಕಣ್ಣು ಉಳಿಯುವುದಿಲ್ಲ. ನನ್ನ ಅಕ್ಕ ಮಹಾನಂದಾಳಿಗೆ ಈಗಲೇ ಒಂದು ಕಣ್ಣು ಕಾಣದು. ಅವಳಿಗೆ ಬಂದದ್ದು ಈ ಗಡ್ಡೆ.

ಗೂಡುಗಳನ್ನು ಹಂಚುವ ನೆರಳುಗಾರ ಸಿದ್ರಾಮಪ್ಪ ಬಂದು ಅವಳ ಕುಂಡಗಳ ಸಾಲು ನೋಡಿದ.

“ಎಲಿ ಭಾಳ ಚಂದ್ ಬಂದಾವ್ರೀ ಅಕ್ಕಾ. ಎಲಿ ತಿನ್ಲಾಕ ನಾ ಏನ್ ಆಡಾ?”

ಅವನು ಹೋದ ಮೇಲೆ ಅವಳು ಸಿಟ್ಟಿನಿಂದ ಗಡ್ಡೆಗಳನ್ನೆಲ್ಲ ಕಿತ್ತು ಒಂದೇ ಬಕೆಟ್ಟಿಗೆ ತುರುಕಿದಳು. ಮಣ್ಣು ಸುರಿದು, ನೀರನ್ನೂ ಮರೆತಳು. ಎಲೆಗಳು ಜೋತುಬಿದ್ದವು. ಬಹಳ ದಿನಗಳ ನಂತರ ಮುಸುರೆ ತೊಳೆದ ನೀರನ್ನು ಅದಕ್ಕೆ ಚೆಲ್ಲಿದಳು. ದಂಟುಗಳು ಎದ್ದವು, ತಲೆ ತಗ್ಗಿಸಿದ ಬಿಳಿ ಹೂಗಳಾದವು. ನಿಮ್ಮ ಪ್ರೀತಿಯಿಂದ ಆಗದ್ದು ಅವಳ ಅಸಡ್ಡೆಯಿಂದ ಆಯಿತು.

ಸಿದ್ರಾಮಪ್ಪ ಮತ್ತೆ ಬಂದ. “ಹೂವೇನೋ ಆಗ್ಯಾವು. ಆದ್ರ ಹಿಂಗ್ ತುರುಕೀರಲ್ಲ, ಇದೇನ್ ಸಂತಿ ಏನ್ರೀ? ಬಿಡಿಸಿ ಹಚ್ಚ್ರಿ, ಗೂಡು ನಿಮ್ದು.”

“ಬಿಡಿಸಿದ್ರ ಮೊಗ್ಗಿ ಉದುರ್ತಾವು. ನಿಮ್ಮ ಗೂಡು ನೀವೇ ಇಟ್ಕೋರಿ.”

ಗೂಡು ಹೋಯಿತು. ಅವಳನ್ನು ನನ್ನ ಗೂಡಿಗೆ ಕರೆತಂದೆ. ಇಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. ಮಲಗಿದರೆ ಅವಳ ಮೊಣಕೈ ನನ್ನ ಪಕ್ಕೆಗೆ ತಾಗುತ್ತದೆ; ಅದು ಹಿತವೋ ಅಲ್ಲವೋ ನನಗಿನ್ನೂ ತಿಳಿದಿಲ್ಲ. ನೆರಳುಗಾರ ನಾಳೆ ಇಲ್ಲಿಗೂ ಬರುತ್ತಾನೆ. ಇಬ್ಬರನ್ನೂ ಮೇಲೆ ಕಳಿಸಬಹುದು.

ನಿಮ್ಮಿಂದ ಮರ ಕೇಳುವುದಿಲ್ಲ, ನೀವು ಉಳಿಸುವವರಲ್ಲ. ಪಶ್ಚಾತ್ತಾಪವೂ ಬೇಡ, ಅದನ್ನೂ ವಿಡಿಯೊ ಮಾಡುತ್ತೀರಿ. ಈ ಗಡ್ಡೆಗಳು ಒಂದಕ್ಕೊಂದು ಒತ್ತಿಕೊಂಡಿದ್ದರೇ ಹೂ ಬಿಡುತ್ತವೆ ಎಂದು ಒಂದು ಸಾಲು ಎಲ್ಲಾದರೂ ಕಲ್ಲಿನ ಮೇಲೆ ಕೆತ್ತಿಡಿ. ನಾನು ಹೇಳಿದರೆ ನಡೆಯುವುದಿಲ್ಲ. ಇಲ್ಲಿನವರು ಸತ್ತವರನ್ನು ಮಾತ್ರ ನಂಬುತ್ತಾರೆ, ಅವರು ಎಷ್ಟೇ ದಡ್ಡರಾಗಿದ್ದರೂ.