ಶಿವಣ್ಣನ ಜೇಬಿಗೆ ಬರುವ ನನ್ನ ಮೆಸೇಜು

ಜೂನ್ ೩, ಮಂಗಳವಾರ

ಹಾಲು ಹಾಕಿ ಬಂದೆ. ಹಸು ಇವತ್ತೂ ಒದೆಯಿತು. ಸೊಸೆ ವೀಣ ಕರೆದರೆ ಸುಮ್ಮನಿರುತ್ತೆ, ನನ್ನ ಕೈ ಕಂಡರೆ ಕೊಬ್ಬು. ನನಗೂ ಅದನ್ನ ಕಂಡರೆ ಅಷ್ಟಕ್ಕಷ್ಟೆ.

ಡೈರಿ ಸೆಕ್ರೆಟ್ರಿ ಶಿವಣ್ಣ ಹಾಲು ಅಳೆದಾದ ಮೇಲೆ ಎಂದಿನ ಹಾಗೆ ಫೋನ್ ಹಿಡಿದು ನಿಂತ. ಬ್ಯಾಂಕ್ ಮೆಸೇಜು ಓದೋ ಹೊತ್ತು. ಖಾತೆ ತೆಗೆಸಿದಾಗ ನಮ್ಮ ಬೀದಿಯಲ್ಲಿ ಯಾವ ಹೆಂಗಸಿನ ಹತ್ತಿರ ಫೋನಿತ್ತು? ನಂಬರ್ ಹೇಳಿ ಅಂದರು, ಎಲ್ಲರೂ ಶಿವಣ್ಣನದೇ ಬರೆಸಿದೆವು. ಈಗ ಅರ್ಧ ಊರಿನ ಪೆನ್ಷನ್ನು ಅವನ ಜೇಬಲ್ಲಿ ಟಣ್ ಅನ್ನುತ್ತೆ. ಅವನು ಗಂಟಲು ಎತ್ತಿ ಓದುತ್ತಾನೆ. ಯಾರಿಗೆ ಬಂತು, ಯಾರಿಗೆ ನಿಂತಿತು, ಕ್ಯಾನು ಹಿಡಿದು ನಿಂತವರಿಗೆಲ್ಲ ಗೊತ್ತು. ಒಂದು ಕಾಸು ಮುಟ್ಟೋನಲ್ಲ. ಒಳ್ಳೆಯವನೇ. ಅದೇ ಕಷ್ಟ, ಬೈಯೋಕೂ ಆಗಲ್ಲ.

ನನ್ನ ಪೆನ್ಷನ್ ಬಂದಿದೆಯಂತೆ. ಬರಲಿ. ಎಟಿಎಂ ಕಾರ್ಡು ನನ್ನ ಹತ್ತಿರ ಇಲ್ಲ, ಮೊಮ್ಮಗಳು ಅಮೃತನ ಹತ್ತಿರ ಇದೆ. ಅವಳು ಎಲ್ಲಿದ್ದಾಳೆ ಅಂತ ನನಗೊಬ್ಬಳಿಗೇ ಗೊತ್ತು. ಬಾಯಲ್ಲಿ ಇಟ್ಟುಕೊಂಡರೆ ಯಾವಾಗಲೋ ಜಾರುತ್ತೆ. ಅದಕ್ಕೆ ಇಲ್ಲಿ ಬರೀತೀನಿ. ನಾಲ್ಕನೇ ಕ್ಲಾಸಿನ ಅಕ್ಷರ, ನನಗೇ ಓದೋಕೆ ಕಷ್ಟ, ಬೇರೆಯವರು ಏನು ಓದ್ತಾರೆ.

ಜೂನ್ ೪

ಅಮೃತ ಫೋನ್ ಮಾಡಿದ್ದಳು, ಅವಳೇ ಕೊಡಿಸಿದ ಗುಂಡಿ ಫೋನಿಗೆ. ಮಂಡ್ಯದ ಬಟ್ಟೆ ಅಂಗಡಿ ಕೆಲಸ ಪರವಾಗಿಲ್ಲವಂತೆ. ಹಾಸ್ಟೆಲಿಗೆ ಕೊಡಬೇಕು, ಕಾರ್ಡಿಂದ ತೆಗೀಲಾ ಅಂದಳು. ತೆಗೆಯವ್ವ ಅಂದೆ. ಅದಕ್ಕೇ ತಾನೇ ಕೊಟ್ಟಿರೋದು.

ನಿಡಘಟ್ಟಕ್ಕೆ ಮದುವೆ ಮಾಡಿಕೊಟ್ಟಿದ್ದೆವು. ಕಟ್ಟಿಕೊಂಡವನ ಹೆಸರು ಇಲ್ಲಿ ಬರೆಯಲ್ಲ. ಅವಳ ತೋಳಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಗುರುತಿದೆ, ಪೆಟ್ಟಿಗೆಯ ಮೂತಿ ಸಮೇತ. ಎರಡು ಸಲ ಓಡಿ ಬಂದಳು. ಎರಡು ಸಲವೂ ನನ್ನ ಮಗ ನಾಗರಾಜು ಕಾರಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದ. ಮರ್ಯಾದೆಯಂತೆ. ಮೂರನೇ ಸಲ ಅವನು ಏಳೋ ಮುಂಚೆ ನಾನೇ ಮಳವಳ್ಳಿಗೆ ಕರೆದುಕೊಂಡು ಹೋಗಿ ಮಂಡ್ಯದ ಬಸ್ಸು ಹತ್ತಿಸಿದೆ. ಎಲ್ಲಿಗೆ ಹೋದಳು ಅಂತ ಮಗ ಕೇಳಿದ. ನಂಗೇನ್ ಗೊತ್ತು, ನಿನ್ ಮಗಳಲ್ವಾ ಅಂದೆ.

ಜೂನ್ ೬, ಶುಕ್ರವಾರ

ಶಿವಣ್ಣ ಓದಿದ. ಎಂದಿನ ಗಂಟಲಲ್ಲೇ. "ಬೋರಜ್ಜಿ, ನಿನ್ನೆ ಮಂಡ್ಯಕ್ಕೋಗಿದ್ರಾ? ಎಟಿಎಂನಾಗೆ ದುಡ್ಡು ತೆಗ್ದವ್ರೆ ಕಣಜ್ಜಿ." ರೋಡಿನ ಹೆಸರೂ ಓದಿದ. ದುಡ್ಡು ತೆಗೆದರೆ ಊರು, ರೋಡು ಎಲ್ಲ ಹೇಳುತ್ತಂತೆ ಆ ಮೆಸೇಜು. ನನಗೆ ಗೊತ್ತಿರಲಿಲ್ಲ. ದುಡ್ಡು ಬಂತು ಅಂತಷ್ಟೇ ಹೇಳುತ್ತೆ ಅಂದುಕೊಂಡಿದ್ದೆ.

ಹೂಂ ಕಣ್ಲಾ, ಹೋಗಿದ್ದೆ ಅಂದೆ.

ಹಿಂದೆ ಬೆಟ್ಟಮ್ಮ ನಿಂತಿದ್ದಳು. "ನಿನ್ನೆಲ್ಲಾ ನನ್ ಜೊತೆ ಕಳೆ ಕೀಳ್ತಿದ್ದಲ್ಲಕ್ಕ" ಅಂದುಬಿಟ್ಟಳು. ನಿಂಗೆ ಕಣ್ಣು ಕಾಣ್ತದಾ, ಕಳೆ ಬುಟ್ಟು ಪೈರು ಕೀಳೋಳು ನೀನು ಅಂತ ಹಾರಿಸಿದೆ. ಎಲ್ಲರೂ ನಕ್ಕರು. ಶಿವಣ್ಣ ನಗಲಿಲ್ಲ. ಫೋನು ನೋಡುತ್ತಲೇ ಇದ್ದ.

ಅಮೃತಂಗೆ ಹೇಳಿದೆ, ಕಾರ್ಡು ಮುಟ್ಟಬೇಡ ಅಂತ. ಮತ್ತೆ ಊಟಕ್ಕೆ ಅಂದಳು.

ಜೂನ್ ೯, ಸೋಮವಾರ

ಮಂಡಿನೋವಿಗೆ ಮಾತ್ರೆ ಅಂತ ಸುಳ್ಳು ಹೇಳಿ ಮಳವಳ್ಳಿ ಬ್ಯಾಂಕಿಗೆ ಹೋದೆ. ನಂಬರ್ ಬದಲಾಯಿಸಬೇಕು ಅಂದೆ. ಕೌಂಟರಿನಲ್ಲಿ ಚಿತ್ರಾ ಅಂತ ಹುಡುಗಿ, ಪೇಟೆ ಮಾತು, ನಗುಮುಖ. ಅವಳ ತಲೆಯ ಮೇಲೇ ಬೋರ್ಡು— ನಿಮ್ಮ ಖಾತೆಯ ವಿವರ ಯಾರಿಗೂ ಹೇಳಬೇಡಿ. ಕೆಳಗೆ ಕೂತು ಅವಳು ಮೂರು ಅಂಕಣಕ್ಕೆ ಕೇಳಿಸೋ ಹಾಗೆ "ಯಾಕಜ್ಜಿ ನಂಬರ್ ಬೇಡ? ಮನೇಲಿ ಯಾರಾದ್ರೂ ದುಡ್ಡು ಎತ್ತಿಬಿಟ್ರಾ?" ಅಂತ. ಹಿಂದೆ ಇದ್ದವರೆಲ್ಲ ಕತ್ತು ಉದ್ದ ಮಾಡಿದರು. ನನಗೆ ಕಿವಿ ಸರಿಯಾಗಿದೆ ತಾಯಿ, ಮೆಲ್ಲಗೆ ಕೇಳು ಅಂದೆ.

ಹಳೇ ನಂಬರಿಗೆ ಒಂದು ಓಟಿಪಿ ಹೋಗುತ್ತಂತೆ. ಅದನ್ನ ತಂದು ಹೇಳಿದರೆ ಇವತ್ತೇ ಆಗುತ್ತಂತೆ. ನನ್ನ ಸೇಫ್ಟಿಗೇ ಅಂತೆ.

"ಯಾರಿಗ್ ಗೊತ್ತಾಗಬಾರ್ದು ಅಂತ ಬಂದಿವ್ನೋ, ಅವನ್ನೇ ಕೇಳ್ಕಂಡ್ ಬರ್ಲಾ?" ಅಂದೆ.

ಪಾಪ, ಅವಳು ಕಂಪ್ಯೂಟರ್ ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಅರ್ಜಿ ಕೊಟ್ಟಳು. ಆಧಾರ್, ಹೆಬ್ಬೆಟ್ಟು. ನನ್ನ ಹೆಬ್ಬೆಟ್ಟು ಮಿಷಿನ್ನಿಗೆ ಕಾಣಲಿಲ್ಲ. ಸಗಣಿ ಬಾಚಿ ಗೆರೆ ಸವೆದಿದೆ. ಸೀರೆಗೆ ಒರೆಸಿ ಒರೆಸಿ ಒತ್ತಿದೆ. ಕೊನೆಗೆ ತಗೊಂಡಿತು. ಒಂದು ವಾರ ಆಗುತ್ತೆ ಅಂದಳು. ಬರುವಾಗ ಜೀವ ಸ್ವಲ್ಪ ಹಗುರ ಇತ್ತು.

ಜೂನ್ ೧೦, ಸಂಜೆ

ಹಗುರ ಅಂತ ಬರೆದೆನಲ್ಲ. ಮುಠ್ಠಾಳಿ.

ಅರ್ಜಿ ಬಂದಿದೆ ಅಂತ ಬ್ಯಾಂಕಿನವರು ಹಳೇ ನಂಬರಿಗೇ ತಿಳಿಸಿದ್ದಾರೆ. ಶಿವಣ್ಣ ಮನೆಗೇ ಬಂದ, ಚಪ್ಪಲಿ ಬಿಡೋಕೂ ಪುರುಸೊತ್ತಿಲ್ಲ. ನಾಗರಾಜು ಜಗುಲಿಯಲ್ಲಿದ್ದ. "ಅಣ್ಣ, ಯಾರೋ ಕಳ್ರು ಅಜ್ಜಿ ಖಾತೆಗೆ ಕೈ ಆಕವ್ರೆ. ಮಂಡ್ಯದಾಗೆ ದುಡ್ಡು ಎತ್ತವ್ರೆ, ಈಗ ನಂಬರ್ರೂ ಬದ್ಲಾಯಿಸ್ತಾವ್ರೆ" ಅಂದ. ಮುಖದ ತುಂಬ ಕಾಳಜಿ. ಟಿವಿಯಲ್ಲಿ ತೋರಿಸುತ್ತಾರಲ್ಲ ಮೋಸ, ಅದೇ ಅಂದುಕೊಂಡಿದ್ದಾನೆ.

ನಾಗರಾಜು ಕಾರ್ಡು ತೋರಿಸು ಅಂದ. ಎಲ್ಲಿಟ್ಟೆನೋ ಅಂದೆ. ಟ್ರಂಕು ತೆಗೆದ. ಸೀರೆ ಎಲ್ಲ ನೆಲಕ್ಕೆ ಸುರಿದ. ಆಮೇಲೆ ಕುಕ್ಕರಗಾಲಲ್ಲಿ ಕೂತು ನನ್ನನ್ನೇ ನೋಡಿದ. ಕಳ್ಳರಿಲ್ಲ ಅಂತ ಅವನಿಗೆ ಗೊತ್ತಾಯಿತು.

"ಅವ್ಳು ಮಂಡ್ಯದಾಗವ್ಳೆ. ಅಲ್ವೇನವ್ವ?"

ನಾನು ಬಗ್ಗಿ ನೆಲದ ಮೇಲಿನ ಸೀರೆ ಮಡಚೋಕೆ ಶುರು ಮಾಡಿದೆ. ಒಳಗೆ ವೀಣ ಹಿಟ್ಟು ತೊಳಸುತ್ತಿದ್ದಳು, ದೊಣ್ಣೆ ನಿಂತಿತು. ಮುದ್ದೆ ಗಂಟು ಗಂಟು. ಯಾರೂ ಉಣ್ಣಲಿಲ್ಲ.

ಜೂನ್ ೧೧

ನಾಗರಾಜು ನಿಡಘಟ್ಟಕ್ಕೆ ಫೋನ್ ಮಾಡಿದ. ಹಿತ್ತಲಿನಲ್ಲಿ ನಿಂತು, ಮೆಲ್ಲಗೆ. ನನ್ನ ಮನೆಯಲ್ಲಿ ಗುಟ್ಟು ಕಾಪಾಡೋಕೆ ಬರೋದು ಅವನಿಗೊಬ್ಬನಿಗೇ. ರೋಡಿನ ಹೆಸರು ಹೇಳಿದ್ದು ಮಾತ್ರ ಕೇಳಿಸಿತು.

ಅಮೃತನಿಗೆ ಮಾಡಿದೆ. ಎತ್ತಲಿಲ್ಲ, ಕೆಲಸದಲ್ಲಿ ಫೋನು ಇಸ್ಕೊಳ್ತಾರೆ. ಸಂಜೆ ಅವಳೇ ಮಾಡಿದಳು. ಬಸ್ಸು ಹತ್ತು ಅಂದೆ.

"ಎಲ್ಲಿಗಜ್ಜಿ?"

ಎಪ್ಪತ್ತು ವರ್ಷ ಬದುಕಿದ್ದೀನಿ. ಒಂದು ಊರಿನ ಹೆಸರು ಬಾಯಿಗೆ ಬರಲಿಲ್ಲ. ಮುತ್ತತ್ತಿ ಗೊತ್ತು, ಹರಕೆಗೆ ಹೋಗಿದ್ದೆ. ಹನುಮಪ್ಪನ ಗುಡಿಯಲ್ಲಿ ಹೆಣ್ಣು ಮಗಳು ಎಷ್ಟು ದಿನ ಮಲಗ್ತಾಳೆ.

ಸಂಬಳ ಆಗಲಿ, ಮೈಸೂರಿಗೆ ಹೋಗ್ತೀನಿ ಅಂದಳು. ನೀನು ಹೆದರಬೇಡ ಅಂದಳು, ನನಗೆ.

ಜೂನ್ ೧೮, ಬುಧವಾರ

ಭಾನುವಾರದಿಂದ ಅವಳ ಫೋನ್ ಸ್ವಿಚ್ ಆಫ್.

ಕೇಳಿದರೆ ನಾಗರಾಜು ಉತ್ತರ ಕೊಡಲ್ಲ. ಹೊಸ ಶರ್ಟು ಹಾಕಿಕೊಂಡು, ಏನೋ ಗೆದ್ದವನ ಹಾಗೆ ಓಡಾಡ್ತಾನೆ.

ಜೂನ್ ೧೯

ಗುಂಡಿ ಫೋನು ಟಣ್ ಅಂತು. ಅವಳೇ ಅಂತ ಓಡಿ ಬಂದು ನೋಡಿದೆ. ಅಲ್ಲ, ಮೆಸೇಜು. ಬ್ಯಾಂಕಿನದು. ನಂಬರ್ ಬದಲಾಗಿದೆ. ಇನ್ನು ಮೇಲೆ ನನ್ನ ವಿಷಯ ನನ್ನ ಕೈಗೇ.

ಸ್ವಲ್ಪ ಹೊತ್ತಿಗೆ ಇನ್ನೊಂದು. ಎಲ್ಲ ಇಂಗ್ಲಿಷು. ಸಕ್ಕರೆ ಚೆಲ್ಲಿದ ಕಡೆ ಇರುವೆ ಮುತ್ತಿದ ಹಾಗೆ ಕಾಣುತ್ತೆ. ವೀಣ ನೋಡಿದಳು, ತಿರುಗಿಸಿ ನೋಡಿದಳು, ಅವಳಿಗೂ ಆಗಲಿಲ್ಲ. ಸೆರಗಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಮಗನಿಗೆ ತೋರಿಸಲ್ಲ, ಸತ್ತರೂ.

ಜೂನ್ ೨೦, ಶುಕ್ರವಾರ

ಹಾಲು ಹಾಕಿ ಎಲ್ಲರೂ ಹೋಗೋವರೆಗೂ ಡೈರಿ ಮೆಟ್ಟಿಲಲ್ಲಿ ಕೂತೆ. ಶಿವಣ್ಣನ ಕೈಗೇ ಕೊಟ್ಟೆ. ಇನ್ಯಾರಿದ್ದಾರೆ ನನಗೆ ಓದೋರು.

ಓದಿದ. ಬಾಗಿಲ ಕಡೆ ನೋಡಿದ, ಯಾರೂ ಇರಲಿಲ್ಲ. ಆದರೂ ಬಂದು ನನ್ನ ಪಕ್ಕ ಕೂತ. "ಅಜ್ಜಿ, ದುಡ್ಡು ತೆಗ್ದವ್ರೆ. ಇದ್ದಿದ್ದೆಲ್ಲಾ." ಫೋನು ವಾಪಸ್ ನನ್ನ ಕೈಗಿಟ್ಟ. "ನಿಡಘಟ್ಟದಾಗೆ."

ಇಷ್ಟು ವರ್ಷದಲ್ಲಿ ಮೊದಲ ಸಲ ಮೆಲ್ಲಗೆ ಓದಿದ.

ಕಾರ್ಡು ಅಲ್ಲಿದೆ ಅಂದರೆ ಅವಳೂ ಅಲ್ಲೇ.

ಒಳ್ಳೇದಕ್ಕೇ ಮಾಡ್ದೆ ಕಣಜ್ಜಿ ಅಂತ ಅಳೋಕೆ ಶುರು ಮಾಡಿದ. ಬೈಯೋಕೆ ಬಾಯಿ ತೆಗೆದೆ, ಒಳಗೆ ಏನೂ ಇರಲಿಲ್ಲ. ಕ್ಯಾನು ತೊಳೆದುಕೊಂಡು ಬಂದೆ.

ಮನೆಯಲ್ಲಿ ನಾಗರಾಜು ಕಾಫಿ ಕುಡೀತಿದ್ದ. "ಮನೆ ಸೇರ್ಕಂಡ್ಳು ಕಣವ್ವ, ಇನ್ನು ನೆಮ್ಮದಿ" ಅಂದ.

ಜೂನ್ ೨೨, ಭಾನುವಾರ, ಮಧ್ಯಾಹ್ನ

ಹಸು ಇವತ್ತು ಒದೆಯಲಿಲ್ಲ. ಅದಕ್ಕೂ ನನ್ನ ಕೈ ಗುರುತು ಹತ್ತಲಿಲ್ಲವೋ ಏನೋ.

ಫೋನು ಎದುರಿಗೇ ಇಟ್ಟುಕೊಂಡು ಕೂತಿದ್ದೀನಿ. ಅವಳು ಮಾಡಲ್ಲ, ಅವಳ ಫೋನು ಕಟ್ಟಿಕೊಂಡವನ ಹತ್ತಿರ ಇರುತ್ತೆ. ಖಾತೆಯಲ್ಲಿ ಏನೂ ಉಳಿದಿಲ್ಲ, ಬ್ಯಾಂಕಿನವರೂ ಇನ್ನು ಏನು ಹೇಳ್ತಾರೆ. ಆದರೂ...

ಟಣ್ ಅಂತು. ಈಗಲೇ. ಮತ್ತೆ ಅದೇ ಇಂಗ್ಲಿಷು, ಇರುವೆ ಇರುವೆ. ಈ ಗುಂಡಿ ಫೋನಿಗೆ ಕನ್ನಡ ಅಕ್ಷರ ಬರಲ್ಲ ಅಂತ ಅವಳೇ ಹೇಳಿದ್ದಳು. ನಾಲ್ಕೇ ಸಾಲು. ಬ್ಯಾಂಕಿಂದು ಇಷ್ಟು ಚಿಕ್ಕದಿರಲ್ಲ. ಅವಳೇನಾ? ಡೈರಿ ಬಾಗಿಲು ತೆಗೆಯೋದು ಸಂಜೆಗೆ. ಹೊರಗೆ ನಾಗರಾಜು ಚಪ್ಪಲಿ ಸದ್ದು. ಯಾರ ಹತ್ತಿರ ಓದಿಸಲಿ, ಯಾರ ಹ—