ಸಪ್ಪಳ ಹೊರಗೆ ಕೇಳಬಾರದು

ದಹಿಸರ್
ಮಂಗಳವಾರ, ೧೩ ಆಗಸ್ಟ್ ೨೦೨೪

ನಮ್ಮ ಮನೆಯವರಿಗೆ ಮಾಧುರಿಯ ನಮಸ್ಕಾರಗಳು.

ಫೋನು ಮಾಡಿದರೆ ನೀವು "ಹ್ಞೂಂ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕನಿಗೆ ಆರಾಮಿಲ್ಲ ಎಂದು ಗುರುವಾರ ಚೀಟಿ ಬರೆದಿಟ್ಟು ಬಂದೆನಲ್ಲ, ಅದು ಸುಳ್ಳು. ರುದ್ರಕ್ಕ ಗಟ್ಟಿಮುಟ್ಟಾಗಿದ್ದಾಳೆ, ದಿನಾ ನನಗೇ ರೊಟ್ಟಿ ಬಡಿದು ಹಾಕುತ್ತಿದ್ದಾಳೆ. ನಾನು ಬಂದದ್ದು ನಿಮ್ಮ ಮುಖ ನೋಡಲಾಗದೆ.

ಜೂನ್ ತಿಂಗಳಲ್ಲಿ ಒಂದು ಭಾನುವಾರ ನಾನು ಬಟ್ಟೆ ಒಣಹಾಕುತ್ತಿದ್ದೆ. ನೀವು ಗ್ಯಾಲರಿಯ ಮೂಲೆಯಲ್ಲಿ ನಿಂತು ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದಿರಿ: "ಸಣ್ಣದ ಸಾಕು. ಬೆಳಕು ಚಲೋ ಇರಬೇಕು. ಸಪ್ಪಳ ಹೊರಗ ಕೇಳಬಾರದು. ಬಣ್ಣ ನೀನ ಆರಿಸು, ಶ್ರಾವ್ಯಾ."

ಕೈಯಲ್ಲಿದ್ದ ಸೀರೆ ಕೈಯಲ್ಲೇ ಉಳಿಯಿತು. ಯಾವಳಿಗೋ ಬಾಡಿಗೆಗೆ ಖೋಲಿ ಹಿಡಿಯುತ್ತಿದ್ದೀರಿ ಎಂದುಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಸಯನ್ ಮನೆಗೆ ಯಾವ ಬಣ್ಣ ಬೇಕೆಂದು ನೀವು ನನ್ನನ್ನು ಕೇಳಿಲ್ಲ. ಅವತ್ತೇ ಊಟಕ್ಕೆ ಕೂತಾಗ "ಯಾರಕಿ ಆ ಶ್ರಾವ್ಯಾ?" ಎಂದೆ. "ಆಫೀಸಿನಾಕಿ" ಎಂದಿರಿ, ಸಾರಿನ ಬಟ್ಟಲು ನೋಡುತ್ತ.

ಆಮೇಲೆ ಎಲ್ಲದರಲ್ಲೂ ಸಂಶಯ. ಅಂಗಿಯ ತೋಳಿಗೆ ಸುಟ್ಟ ವಾಸನೆ. ಜೇಬಿನಲ್ಲಿ ಹಲ್ಲಿನಷ್ಟು ಸಣ್ಣ, ನೇರಳೆ ಬಣ್ಣದ ಪ್ಲಾಸ್ಟಿಕ್ ಚೂರು. ಯಾವುದೋ ಹೆಂಗಸಿನ ಬಳೆಯ ತುಂಡಿರಬೇಕೆಂದು ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ಗುರುವಾರ ನಿಮ್ಮ ಹಿಂದೆ ಬಂದೆ. ಹೌದು, ಬಂದೆ. ಫೋರ್ಟಿನ ಆಫೀಸಿಗೆ ಹೊರಟವರು ಸಯನ್ ಸ್ಟೇಶನ್ನಿನಲ್ಲಿ ಎದುರಿನ ಪ್ಲಾಟ್‌ಫಾರ್ಮಿಗೆ ಹೋದಿರಿ, ಲೋಕಲ್ ಹಿಡಿದು ಘಾಟ್ಕೋಪರಿನಲ್ಲಿ ಇಳಿದಿರಿ. ನಾನು ಲೇಡೀಸ್ ಡಬ್ಬಿಯಲ್ಲಿದ್ದೆ. ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಾಳಿಗೆ ಹತ್ತಿದಿರಿ. ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ನೋಡಿದೆ. ನೀವು, ನಮ್ಮ ತಂಗಿಯ ಮಗಳ ವಯಸ್ಸಿನ ಒಬ್ಬ ಹುಡುಗಿ. ತಲೆಗೆ ತಲೆ ತಾಗುವ ಹಾಗೆ ಕೂತಿದ್ದಿರಿ. ಮುಖದ ಮೇಲೆ ಗುಲಾಬಿ, ನೀಲಿ, ಹಸಿರು ಬೆಳಕು. ನೀವು ನಗುತ್ತಿದ್ದಿರಿ. ಆ ನಗು ಮನೆಯಲ್ಲಿ ಕಂಡು ಎಷ್ಟು ದಿನವಾಗಿತ್ತು! ಅಲ್ಲಿಂದಲೇ ತಿರುಗಿ ಬಂದು ಬ್ಯಾಗು ತುಂಬಿದೆ.

ನಿನ್ನೆ ಆ ಹುಡುಗಿಯೇ ನಿಮ್ಮಿಂದ ಅಕ್ಕನ ವಿಳಾಸ ಕೇಳಿಕೊಂಡು ಇಲ್ಲಿಗೆ ಬಂದಳು. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದೆ. ಅಕ್ಕ ಹಿಂದೆ ಲಟ್ಟಣಿಗೆ ಹಿಡಿದು ನಿಂತಿದ್ದಳು.

"ಆಂಟಿ, ಮೈ ಶ್ರಾವ್ಯಾ. ಅಂಕಲ್ ನನ್ನ ಪಾರ್ಟ್‌ನರ್... ಮತ್ಲಬ್, ಕೆಲಸದ್ದು. ಅವರದು ಜಾಬ್ ಏಪ್ರಿಲ್‌ನಲ್ಲೇ ಹೋಯ್ತು ನಾ? ನಿಮಗೆ ಗೊತ್ತಿಲ್ವಾ?"

ನಿಮ್ಮ ಕಂಪನಿ ರಿಪೇರಿ ವಿಭಾಗ ಮುಚ್ಚಿದ್ದು ಅವಳ ಬಾಯಿಂದ ಕೇಳುವವರೆಗೆ ನನಗೆ ಗೊತ್ತಿರಲಿಲ್ಲ.

ಚೀಲದಿಂದ ಅವಳು ತೆಗೆದದ್ದು ಕಂಪ್ಯೂಟರಿನ ಒಂದು ಕೀಬೋರ್ಡು. ಸಣ್ಣದು, ನನ್ನ ಒಂದೂವರೆ ಗೇಣು ಉದ್ದ. ನಕ್ಷೆ ಅವಳದು, ಅರವತ್ತೊಂದು ಗುಂಡಿಗೂ ಬೆಸುಗೆ ಹಾಕಿದ್ದು ನೀವು. ಒತ್ತಿದರೆ ಗುಂಡಿಯ ಕೆಳಗಿನ ದೀಪ ಬಣ್ಣ ಬದಲಿಸುತ್ತದೆ. ಸಪ್ಪಳವಾಗದಂತೆ ಒಳಗೆ ಸ್ಪಂಜು ಹಾಸಿದ್ದೀರಂತೆ. ನಾನು ಬಚ್ಚಿಟ್ಟ ನೇರಳೆ ಚೂರೂ ಇಂಥದೇ ಒಂದು ಗುಂಡಿಯದು. ಅವತ್ತು ಫೋನಿನಲ್ಲಿ ಆಡಿದ್ದು ಇದರ ಮಾತು, ನಾನು ಇಲ್ಲದ ಖೋಲಿಗೆ ಗೋಡೆ ಕಟ್ಟಿಕೊಂಡು ಕೂತಿದ್ದೆ!

ಆದರೂ ತಕ್ಷಣ ನಂಬಲಿಲ್ಲ. ಇದೂ ನೀವು ಹೇಳಿಕೊಟ್ಟು ಕಳಿಸಿದ್ದಿರಬಹುದು ಎಂದು ಅಡ್ಡಡ್ಡ ಪ್ರಶ್ನೆ ಕೇಳಿದೆ. "ಅವರ ಎಡಗೈಗೆ ಏನಾಗೇತಿ?" ಎಂದಾಗ "ಹೆಬ್ಬೆರಳು ಸುಟ್ಟಿದೆ, ಮೊದಲನೇ ದಿನ. ರೋಯೇ ಥೇ ಅಂಕಲ್" ಎಂದಳು. ಬೆರಳು ಸುಟ್ಟದ್ದಕ್ಕೆ ಅಳುವವರಲ್ಲ ನೀವು, ಅತ್ತದ್ದು ಹೋದ ಕೆಲಸಕ್ಕೆ. ಆಗ ನಂಬಿದೆ.

ನನ್ನ ಹೆಸರೇನಾದರೂ ಕೆತ್ತಿರಬಹುದೇ ಎಂದು ಆ ಕೀಬೋರ್ಡನ್ನು ತಿರುಗಿಸಿಯೂ ನೋಡಿದೆ. ಬರೀ ನಾಲ್ಕು ಸ್ಕ್ರೂ. ಅದು ಪುಣೆಯ ಯಾರೋ ಗಿರಾಕಿಗೆ ಹೋಗಬೇಕಾದದ್ದಂತೆ.

ಒಂದು ಮಾತು ಕೇಳುತ್ತೇನೆ. ಎರಡು ತಿಂಗಳು ನಾನು ನಿಮ್ಮನ್ನು ಹೇಗೆ ನೋಡುತ್ತಿದ್ದೇನೆಂದು ನಿಮಗೆ ಗೊತ್ತಿತ್ತು. ಆದರೂ ಸುಮ್ಮನಿದ್ದಿರಿ. ಕೆಲಸ ಕಳೆದುಕೊಂಡವನು ಅನ್ನಿಸಿಕೊಳ್ಳುವುದಕ್ಕಿಂತ ಹೆಂಗಸಿನ ಹಿಂದೆ ಬಿದ್ದವನು ಅನ್ನಿಸಿಕೊಳ್ಳುವುದು ನಿಮಗೆ ಸುಲಭವಾಯಿತೇ? ನಾನು ಅಷ್ಟು ಕೆಟ್ಟವಳೇ?

ಶುಕ್ರವಾರ ಬರುತ್ತೇನೆ. ಮನೆಗಲ್ಲ, ಘಾಟ್ಕೋಪರಿಗೆ. ಶಟರು ಪೂರ್ತಿ ತೆಗೆದಿರಲಿ. ನೀವು ಬೆಸುಗೆ ಹಾಕುವುದನ್ನು ಪಕ್ಕದಲ್ಲಿ ಕೂತು ನೋಡಬೇಕು.

ನಿಮ್ಮ
ಮಾಧುರಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಹಾಗೇ ಕಳಿಸಲು ಮನಸ್ಸು ಒಪ್ಪುತ್ತಿಲ್ಲ. ಆ ಭಾನುವಾರದ ಮರುದಿನವೇ ನಿಮ್ಮ ಆಫೀಸಿಗೆ ಫೋನು ಮಾಡಿದ್ದೆ, ಶ್ರಾವ್ಯಾ ಎನ್ನುವವಳು ಅಲ್ಲಿದ್ದಾಳೆಯೇ ಎಂದು ಕೇಳಲು. "ವೋ ನಾಮ್ ಕಾ ಕೋಈ ನಹೀ. ಶೇಖರ್ ಸಾಬ್ ಭೀ ತೋ ಏಪ್ರಿಲ್ ಮೇ ಗಯೇ" ಎಂದರು. ಆ ಹೆಸರಿನವಳು ಅಲ್ಲಿಲ್ಲ, ನಿಮ್ಮ ಕೆಲಸವೂ ಏಪ್ರಿಲ್‌ನಲ್ಲೇ ಹೋಗಿದೆ ಎಂದು ಅವತ್ತೇ ಗೊತ್ತಾಯಿತು. ನೀವೇ ಹೇಳುತ್ತೀರಿ ಎಂದು ಕಾದೆ. "ಇವತ್ತ ಆಫೀಸಿನ್ಯಾಗ ಏನಾತು?" ಎಂದು ಬೇಕೆಂದೇ ದಿನಾ ಕೇಳಿದೆ. ನೀವು ದಿನಾ ಒಂದೊಂದು ಕಥೆ ಹೇಳಿದಿರಿ, ಸಾಹೇಬರದು, ಕ್ಯಾಂಟೀನಿನದು. ಎಲ್ಲ ಗೊತ್ತಿದ್ದೂ ನಾನು ಕೇಳುತ್ತ ಕೂತೆ. ಒಂದೆರಡಕ್ಕೆ ನಿಜವಾಗಿಯೂ ನಗು ಬಂದಿತ್ತು.